ಹಸಿರು ಸ್ಕೆಚ್ ಪೆನ್ನಿನ ಸಹಿ

ಮಗ ಇವತ್ತು ಸ್ಕೂಲಿನಿಂದ ಒಂದು ಚೀಟಿ ತಂದ. 'ನಾನು ಯಾವತ್ತೂ ಡ್ರಗ್ಸ್ ಮುಟ್ಟುವುದಿಲ್ಲ, ಯಾರ ಮೇಲೂ ಕೈ ಎತ್ತುವುದಿಲ್ಲ.' ಕೆಳಗೆ ಸಹಿ, ಹಸಿರು ಸ್ಕೆಚ್ ಪೆನ್ನಿನಲ್ಲಿ. ಜೀವನದ ಮೊದಲ ಸಹಿ. ಪಾಪ, ರಫ್ ಪುಸ್ತಕದ ಕೊನೆ ಹಾಳೆಯಲ್ಲಿ 11 ಸಲ ಪ್ರಾಕ್ಟೀಸ್ ಮಾಡಿದ್ದಾನೆ. ಕೊನೆಯ ಅಕ್ಷರಕ್ಕೆ ಬಾಲ ಬೇರೆ.

"ಫ್ರೆಂಡ್ ಯಾರಾದ್ರೂ ಸಿಗರೇಟ್ ಕೊಟ್ರೆ?" ಅಂದೆ.

"ಬೇಡ ಅಂತೀನಿ."

"ಹೆದರ್ಕೊಂಡ್ಯಾ ಅಂತ ನಕ್ಕರೆ?"

ಪೆನ್ನಿನ ಕ್ಯಾಪ್ ತೆಗೆದ, ಹಾಕಿದ, ಮತ್ತೆ ತೆಗೆದ. "ಅದನ್ನ ಹೇಳ್ಕೊಟ್ಟಿಲ್ಲ."

ಅಲ್ಲೇ ಇರೋದು ವಿಷಯ, ಅಲ್ವಾ? 1983ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಮಕ್ಕಳನ್ನು ಡ್ರಗ್ಸ್‌ನಿಂದ ದೂರ ಇಡೋಕೆ 'ಡೇರ್' ಅಂತ ಕಾರ್ಯಕ್ರಮ ಶುರುವಾಯಿತು. ಪೊಲೀಸರೇ ಕ್ಲಾಸಿಗೆ ಬಂದು ಪಾಠ ಮಾಡುತ್ತಿದ್ದರು. ಅಮೆರಿಕದ ತುಂಬ ಹಬ್ಬಿತು. ಆಮೇಲೆ ಕೂತು ಲೆಕ್ಕ ಹಾಕಿದವರಿಗೆ, ಪಾಠ ಕೇಳಿದ ಮಕ್ಕಳಿಗೂ ಕೇಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಕಾಣಲಿಲ್ಲ.

ಇನ್ನೊಂದು 'ಗುಡ್ ಬಿಹೇವಿಯರ್ ಗೇಮ್'. 1969ರದ್ದು. ಅದರಲ್ಲಿ ಡ್ರಗ್ಸ್ ಮಾತೇ ಇಲ್ಲ! ಮಕ್ಕಳನ್ನು ತಂಡ ಮಾಡೋದು, ಗಲಾಟೆ ಕಮ್ಮಿ ಮಾಡಿದ ತಂಡ ಗೆಲ್ಲೋದು. ಅಷ್ಟೇ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಒಂದನೇ ಕ್ಲಾಸಿನಲ್ಲಿ ಇದನ್ನು ಆಡಿದವರನ್ನು ದೊಡ್ಡವರಾದ ಮೇಲೆ ಹುಡುಕಿ ನೋಡಿದರು. ಚಿಕ್ಕವರಿದ್ದಾಗ ಜಾಸ್ತಿ ಹೊಡೆದಾಡುತ್ತಿದ್ದ ಹುಡುಗರಲ್ಲೇ ಡ್ರಗ್ಸ್ ಚಟ, ಈ ಆಟ ಆಡದ ಅಂಥದೇ ಹುಡುಗರಿಗಿಂತ ಎದ್ದು ಕಾಣುವಷ್ಟು ಕಮ್ಮಿಯಾಗಿತ್ತು.

ಚೀಟಿಗೆ ನಾನೂ ಸಹಿ ಹಾಕಿದೆ. ಸುಮ್ನೆ ಯಾಕೆ ಜಗಳ.

ಆಮೇಲೆ ಇಬ್ಬರೂ ಆಟಕ್ಕೆ ಕೂತೆವು. ನಾನು ಕೆಟ್ಟ ಫ್ರೆಂಡ್, ಚಾಕ್‌ಪೀಸ್ ಸಿಗರೇಟು. ಮೊದಲ ಸಲ ತಲೆ ತಗ್ಗಿಸಿದ. ಎರಡನೇ ಸಲ ಕಿಸಕ್ಕನೆ ನಕ್ಕ. ಮೂರನೇ ಸಲ, "ಹೌದು ಕಣೋ, ಹೆದರಿಕೆನೇ. ಬಾ, ಆಡೋಣ" ಅಂದ.

ನಾಲ್ಕನೇ ಸಲಕ್ಕೆ ನನ್ನ ಮೇಲೇ ಕಂಪ್ಲೇಂಟು. ನಾನು ಸರಿಯಾಗಿ ರೇಗಿಸ್ತಾ ಇಲ್ವಂತೆ.