ಸ್ಟೆಪ್ 1ಕ್ಕೆ ಕೂರುವ ಮೊದಲು ಇನಿಷಿಯಲ್ ನೋಡಿಕೊಳ್ಳಿ

ಕೋಲಾರದ ಟಮಕದಲ್ಲೋ ತುಮಕೂರಿನ ಅಗಳಕೋಟೆಯಲ್ಲೋ ಎಂಬಿಬಿಎಸ್ ಓದುತ್ತ ಅಮೆರಿಕದ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಪಡೆಯುವ ತಜ್ಞ ತರಬೇತಿ) ಮೇಲೆ ಕಣ್ಣಿಟ್ಟವರು ಅಲ್ಲಿನ ವೈದ್ಯ ಪರವಾನಗಿ ಪರೀಕ್ಷೆಯಾದ ಯುಎಸ್‌ಎಂಎಲ್‌ಇ ಪ್ರಶ್ನೆಗಳಿಂದಲೇ ಶುರುಮಾಡುತ್ತಾರೆ; ಸ್ಟೆಪ್ 1 ಅದರ ಮೊದಲ ಹಂತ. ಓದು ಹೇಗೋ ಆಗುತ್ತದೆ, ಕೈಕೊಡುವುದು ಕಾಗದಪತ್ರ.

ಮೊದಲು ಹೆಸರು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ 'ಹರ್ಷಿತಾ ಕೆ. ಎನ್.' ಎಂದಿದ್ದರೆ ಪದವಿ ಪತ್ರದಲ್ಲೂ ಅದೇ ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಮಾತ್ರ 'ಕೆ' ಊರಾಗಿ, 'ಎನ್' ಅಪ್ಪನ ಹೆಸರಾಗಿ ಬಿಡಿಸಿಕೊಂಡು ಸರ್‌ನೇಮ್ ಕಾಲಂ ತುಂಬಿರುತ್ತದೆ. ಪರೀಕ್ಷೆಯ ಪ್ರವೇಶಪತ್ರಕ್ಕೂ (ಪರ್ಮಿಟ್) ಪಾಸ್‌ಪೋರ್ಟಿಗೂ ಹೆಸರು ತಾಳೆಯಾಗದಿದ್ದರೆ ಪರೀಕ್ಷಾ ಕೇಂದ್ರದ ಬಾಗಿಲಿಂದಲೇ ವಾಪಸ್. ಹಾಗಾಗಿ ವಿದೇಶದಲ್ಲಿ ಓದಿದ ವೈದ್ಯರ ಅರ್ಹತೆ ಪರಿಶೀಲಿಸುವ ಅಮೆರಿಕದ ಸಂಸ್ಥೆ ಇಸಿಎಫ್‌ಎಂಜಿಯಲ್ಲಿ ಪಾಸ್‌ಪೋರ್ಟಿನಂತೆಯೇ ನೋಂದಾಯಿಸಿ. ಪದವಿ ಪತ್ರದ ಹೆಸರು ಬೇರೆಯಿದ್ದರೆ, ಎರಡೂ ಒಬ್ಬರದೇ ಎನ್ನುವ ಕಾನೂನು ದಾಖಲೆ ಬೇಕು. ಪದವಿ ಪತ್ರ ಅಚ್ಚಾಗುವ ಮೊದಲೇ ಕಾಲೇಜಿನ ದಾಖಲೆ ತಿದ್ದಿಸಿಕೊಳ್ಳುವುದು ಎಷ್ಟೋ ಸುಲಭ.

ರೆಸಿಡೆನ್ಸಿಗೆ ಬೇಕಾದ ಇಸಿಎಫ್‌ಎಂಜಿ ಸರ್ಟಿಫಿಕೇಟಿಗೆ ಸ್ಟೆಪ್ 1, ಸ್ಟೆಪ್ 2 ಸಿಕೆ (ಕ್ಲಿನಿಕಲ್ ಜ್ಞಾನದ ಪರೀಕ್ಷೆ) ಎರಡೂ ಪಾಸಾಗಬೇಕು, 7 ವರ್ಷದೊಳಗೆ. ಒಂದೊಂದಕ್ಕೆ 4 ಅವಕಾಶ ಅಷ್ಟೇ. 2022ರ ಜನವರಿಯಿಂದ ಸ್ಟೆಪ್ 1ಕ್ಕೆ ಅಂಕವಿಲ್ಲ, ಪಾಸ್ ಅಥವಾ ಫೇಲ್. ಅದರಿಂದ ಸಿಕೆ ಅಂಕದ ತೂಕ ಹೆಚ್ಚಿದೆ. 2021ರಲ್ಲಿ ನಿಂತುಹೋದ, ರೋಗಿಯನ್ನು ನೋಡುವ ಕೌಶಲ ಅಳೆಯುತ್ತಿದ್ದ ಸಿಎಸ್ ಪರೀಕ್ಷೆಯ ಜಾಗಕ್ಕೆ 'ಪಾಥ್‌ವೇ'ಗಳು, ಅಂದರೆ ಆ ಕೌಶಲ ತೋರಿಸುವ ಬೇರೆ ದಾರಿಗಳು ಬಂದಿವೆ, ಜೊತೆಗೆ ಒಇಟಿ ಮೆಡಿಸಿನ್ ಇಂಗ್ಲಿಷ್ ಪರೀಕ್ಷೆ. ವೈದ್ಯ ಪರವಾನಗಿ ಇದ್ದವರಿಗೆ ಪಾಥ್‌ವೇ 1. ಇಂಟರ್ನ್‌ಶಿಪ್‌ಗೆ ಕೊಡುವ ತಾತ್ಕಾಲಿಕ ನೋಂದಣಿ ಅದಕ್ಕೆ ನಡೆಯದು, ಕರ್ನಾಟಕ ವೈದ್ಯಕೀಯ ಪರಿಷತ್ತಿನ ಕಾಯಂ ನೋಂದಣಿಯೇ ಬೇಕು.

ತಿಂಗಳುಗಟ್ಟಲೆ ತಿನ್ನುವುದು ವೆರಿಫಿಕೇಶನ್. ಪದವಿ ಪತ್ರ, ಟ್ರಾನ್ಸ್‌ಕ್ರಿಪ್ಟ್ ಎರಡನ್ನೂ ಇಸಿಎಫ್‌ಎಂಜಿ ನೇರ ಓದಿದ ಸಂಸ್ಥೆಗೆ ಕಳಿಸಿ ಕೇಳುತ್ತದೆ, ಉತ್ತರವೂ ಅಲ್ಲಿಂದಲೇ ಬರಬೇಕು. ವಿದ್ಯಾರ್ಥಿ ಸೀಲ್ ಹಾಕಿಸಿ ತಂದ ಲಕೋಟೆಗೆ ಬೆಲೆಯಿಲ್ಲ. ಸಹಿ ಮಾಡುವ ಅಧಿಕಾರಿಯ ಹೆಸರು ಇಸಿಎಫ್‌ಎಂಜಿಯ ಪಟ್ಟಿಯಲ್ಲಿರಬೇಕು. ಪ್ರಾಂಶುಪಾಲರು ಬದಲಾಗಿ, ಹೊಸಬರ ವಿವರವನ್ನು ಯಾರೂ ಕಳಿಸದಿದ್ದರೆ ಫೈಲು ಅಲ್ಲೇ ಮಲಗುತ್ತದೆ. ಅರ್ಜಿ ಹಾಕುವ ಮುನ್ನ ಕಾಲೇಜು ಕಚೇರಿಯಲ್ಲಿ ಇದೊಂದನ್ನು ಕೇಳಿ, ಗುಮಾಸ್ತರಿಗೆ ಬೇಸರವಾದರೂ ಚಿಂತೆಯಿಲ್ಲ. ಚಿಕ್ಕಬಳ್ಳಾಪುರದ ಸರ್ಕಾರಿ ಕಾಲೇಜಿನವರಿಗೆ ಪದವಿ ಕೊಡುವುದು ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯ, ಆದ್ದರಿಂದ ಬೆಂಗಳೂರಿನ ಜಯನಗರಕ್ಕೂ ಓಡಾಟವಿದೆ. ಟಮಕದ್ದು ತಾನೇ ಪದವಿ ಕೊಡುವ ಡೀಮ್ಡ್ ವಿಶ್ವವಿದ್ಯಾಲಯ, ಎಲ್ಲ ಒಂದೇ ಆವರಣ.

ಸೆಪ್ಟೆಂಬರಿನಲ್ಲಿ ಇರಾಸ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ರೆಸಿಡೆನ್ಸಿಗೆ ಅರ್ಜಿ, ಮಾರ್ಚಿನಲ್ಲಿ ಯಾರಿಗೆ ಎಲ್ಲಿ ಸೀಟು ಎಂದು ಹೇಳುವ 'ಮ್ಯಾಚ್' ಫಲಿತಾಂಶ. ತರಬೇತಿಗೆ ಹೋಗುವವರ ಜೆ-1 ವೀಸಾ ಆದರೆ ಕೇಂದ್ರ ಆರೋಗ್ಯ ಸಚಿವಾಲಯದ 'ಸ್ಟೇಟ್‌ಮೆಂಟ್ ಆಫ್ ನೀಡ್' ಪತ್ರ ಬೇಕು, ತರಬೇತಿ ಮುಗಿದ ಮೇಲೆ 2 ವರ್ಷ ಊರಿಗೆ ಮರಳುವ ಷರತ್ತೂ ಇರುತ್ತದೆ. ಉದ್ಯೋಗ ವೀಸಾ ಎಚ್-1ಬಿಯೇ ಬೇಕೆನ್ನುವವರು ಸ್ಟೆಪ್ 3 ಕೂಡ ಮೊದಲೇ ಪಾಸು ಮಾಡಿರಬೇಕು.