ಆ ಮೊಟ್ಟೆ ಯಾವತ್ತು ಇಟ್ಟಿದ್ದು?

ನಾಟಿ ಕೋಳಿ ಮೊಟ್ಟೆಯ ಗುಣಮಟ್ಟ ಅಳೆಯುವ ಕೆಲಸಕ್ಕೆ ಸೇರಿದ ಹೊಸತು. ಶಿರಾ ಕಡೆಯ ಮೂರು ಹಳ್ಳಿಗಳಿಂದ ಮೊಟ್ಟೆ ತಂದು ಲ್ಯಾಬಿನಲ್ಲಿ ಒಡೆಯುತ್ತಿದ್ದೆ. ಮೊದಲು ತೂಕ. ಆಮೇಲೆ ಕ್ಯಾಲಿಪರ್‌ನಲ್ಲಿ ಉದ್ದ, ಅಗಲ. ಒಡೆದು ಗಾಜಿನ ಮೇಲೆ ಸುರಿದು, ಗಟ್ಟಿ ಬಿಳಿ ಲೋಳೆ ಎಷ್ಟು ಎತ್ತರ ನಿಂತಿದೆ ಅಂತ ನೋಡುವುದು. ಕೊನೆಗೆ ಒಳಪೊರೆ ತೆಗೆದು ಚಿಪ್ಪಿನ ದಪ್ಪ.

ಬಿಳಿ ಲೋಳೆಯ ಎತ್ತರ ಮತ್ತು ಮೊಟ್ಟೆಯ ತೂಕ ಸೇರಿಸಿ ಲೆಕ್ಕ ಹಾಕಿದರೆ 'ಹಾ ಯೂನಿಟ್' ಅನ್ನುವ ಗುಣಮಟ್ಟದ ಅಂಕ ಸಿಗುತ್ತದೆ. ರೇಮಂಡ್ ಹಾ ಎಂಬವರು 1937ರಲ್ಲಿ ಕೊಟ್ಟ ಲೆಕ್ಕ ಅದು. ಅಮೆರಿಕದಲ್ಲಿ 72 ಮತ್ತು ಅದಕ್ಕಿಂತ ಜಾಸ್ತಿ ಬಂದರೆ ಮೇಲಿನ ದರ್ಜೆ. ನನ್ನ ಮೊಟ್ಟೆಗಳಲ್ಲಿ ಬಹುಪಾಲು 60ನ್ನೂ ಮುಟ್ಟಲಿಲ್ಲ. ಲೋಳೆ ನೀರಿನ ಹಾಗೆ ಹರಡಿಕೊಳ್ಳುತ್ತಿತ್ತು. ಹೋಲಿಕೆಗೆ ತಂದಿದ್ದ ಫಾರಂ ಮೊಟ್ಟೆಯ ಲೋಳೆ ಮಾತ್ರ ಎದ್ದು ನಿಂತಿತ್ತು. 'ನಾಟಿ ತಳಿಯಲ್ಲಿ ಬಿಳಿ ಲೋಳೆ ತೆಳು' ಅಂತ ವರದಿಗೆ ಬರೆದೂ ಬಿಟ್ಟೆ.

ಮುಂದಿನ ಸಲ ಹೋದಾಗ ಒಬ್ಬ ಅಜ್ಜಿ ರಾಗಿ ತುಂಬಿದ ಮಡಕೆಗೆ ಕೈ ಹಾಕಿ ಒಂದೊಂದೇ ಮೊಟ್ಟೆ ತೆಗೆದು ಕೊಟ್ಟರು.

"ಇವು ಯಾವತ್ತಿನವು ಅಜ್ಜಿ?" ಅಂದೆ.

"ಕಾವಿಗೆ ಕೂರಿಸೋಣ ಅಂತ ಕೂಡಿಟ್ಟಿದ್ದು ಮಗಾ. ಹೋದ ಸಂತೆಗಿಂತ ಮುಂಚಿನವೂ ಅವೆ."

ನಾನು ಅಲ್ಲೇ ಕೂತುಬಿಟ್ಟೆ. ಈ ಪ್ರಶ್ನೆಯನ್ನು ಒಂದು ಮನೆಯಲ್ಲೂ ಕೇಳಿರಲಿಲ್ಲ.

ಮೊಟ್ಟೆ ಇಟ್ಟ ಗಳಿಗೆಯಿಂದಲೇ ಬದಲಾಗುತ್ತಾ ಹೋಗುತ್ತದೆ. ಚಿಪ್ಪಿನಲ್ಲಿ ಸಾವಿರಾರು ಸಣ್ಣ ರಂಧ್ರಗಳಿವೆ. ಅವುಗಳಿಂದ ತೇವವೂ ಇಂಗಾಲದ ಡೈಆಕ್ಸೈಡೂ ಹೊರಗೆ ಹೋಗುತ್ತವೆ. ಅನಿಲ ಹೋದ ಹಾಗೆ ಬಿಳಿ ಲೋಳೆಯ ಕ್ಷಾರ ಗುಣ ಏರಿ, ಗಟ್ಟಿ ಲೋಳೆ ತೆಳುವಾಗುತ್ತದೆ. ಬೇಸಿಗೆಯಲ್ಲಿ ಇದು ಇನ್ನೂ ಬೇಗ. ಫಾರಂ ಮೊಟ್ಟೆ ಹಿಂದಿನ ದಿನದ್ದು, ಅಜ್ಜಿಯ ಮೊಟ್ಟೆ ವಾರ ದಾಟಿದ್ದು. ನಾನು ಅಳೆದಿದ್ದು ತಳಿಯನ್ನಲ್ಲ, ಮಡಕೆಯಲ್ಲಿ ಕಳೆದ ದಿನಗಳನ್ನು.

ಮತ್ತೆ ಮೊದಲಿಂದ ಶುರು ಮಾಡಿದೆ. ಮೊಟ್ಟೆ ಸಿಕ್ಕ ಕೂಡಲೇ ಪೆನ್ಸಿಲ್‌ನಲ್ಲಿ ದಿನಾಂಕ ಬರೆದಿಡಿ ಅಂತ ಮನೆಮನೆಗೂ ಹೇಳಿದೆ. ಇದು ಕೇಳಿದಷ್ಟು ಸುಲಭ ಅಲ್ಲ. ಫಾರಂನ ಗೂಡಿನೊಳಗಿನ ಕೋಳಿ ಎದುರಿಗೇ ಮೊಟ್ಟೆ ಇಡುತ್ತದೆ. ನಾಟಿ ಹೇಂಟೆ ಹುಲ್ಲಿನ ಬಣವೆ ಸಂದಿಯಲ್ಲೋ ಸೌದೆ ರಾಶಿಯ ಹಿಂದೆಯೋ ಇಟ್ಟು ಬರುತ್ತದೆ. ಎಲ್ಲಿ ಇಟ್ಟಿದೆ ಅಂತ ಗೊತ್ತಿರುವುದು ಮನೆಯ ಹೆಂಗಸರಿಗೆ, ಮಕ್ಕಳಿಗೆ. ಆ ತಿಂಗಳು ನನ್ನ ಕೆಲಸ ನಡೆದಿದ್ದೇ ಅವರಿಂದ. ಇಟ್ಟು ಒಂದೇ ದಿನವಾದ ಮೊಟ್ಟೆ ಒಡೆದಾಗ ಲೋಳೆ ಎದ್ದು ನಿಂತಿತು. 75 ದಾಟಿದವೂ ಇದ್ದವು. ವರದಿಯ ಆ ಸಾಲು ಹೊಡೆದು ಹಾಕಿದೆ.

ಹಳದಿಯ ಬಣ್ಣದ ವಿಷಯದಲ್ಲೂ ಹೀಗೇ. ಕಡು ಕೇಸರಿ ಇದ್ದರೆ ಮಾತ್ರ ನಾಟಿ ಅಂತ ತುಂಬಾ ಜನ ನಂಬಿದ್ದಾರೆ ಅಲ್ವಾ? ಆ ಬಣ್ಣ ಬರುವುದು ಸೊಪ್ಪು, ಹುಲ್ಲು, ಮೆಕ್ಕೆಜೋಳದಿಂದ. ಹಳದಿ ಬೆಳೆಯುವುದು ಹೆಚ್ಚಾಗಿ ಮೊಟ್ಟೆ ಇಡುವ ಮುಂಚಿನ ಸುಮಾರು 10 ದಿನಗಳಲ್ಲಿ. ಹಾಗಾಗಿ ಮಳೆ ಬಿದ್ದು ಹಿತ್ತಲು ಹಸಿರಾದರೆ ಅದೇ ಹೇಂಟೆಯ ಹಳದಿ ಗಾಢವಾಗುತ್ತದೆ. ಬಿರುಬೇಸಿಗೆಯಲ್ಲಿ ಪೇಲವ. ಫಾರಂ ಕೋಳಿಗೂ ಮೇವಿನಲ್ಲಿ ಬಣ್ಣ ಕೊಟ್ಟರೆ ಕೇಸರಿ ಹಳದಿ ಬರುತ್ತದೆ. ಪೇಲವ ಹಳದಿ ನೋಡಿ ಬಡ ಸಾಕಣೆದಾರರನ್ನು ಮೋಸಗಾರರು ಅನ್ನುವುದನ್ನು ಕೇಳಿದಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಈಗ ನನ್ನ ನೋಂದಣಿ ಪುಸ್ತಕದ ಮೊದಲ ನಾಲ್ಕು ಕಾಲಂನಲ್ಲಿ ಅಳತೆಯೇ ಇಲ್ಲ. ಇಟ್ಟ ದಿನ, ಯಾವ ಹೇಂಟೆ, ಏನು ಮೇಯುತ್ತಿದೆ, ಮೊಟ್ಟೆ ಎಲ್ಲಿಟ್ಟಿದ್ದರು. ತೂಕದ ಕಾಲಂ ಐದನೆಯದು. ಅಜ್ಜಿಯ ಮನೆಯ ಮಡಕೆ ಪಕ್ಕ ಒಂದು ಪೆನ್ಸಿಲ್ ದಾರ ಕಟ್ಟಿಕೊಂಡು ನೇತಾಡುತ್ತಿದೆ. ಕಾವಿಗೆ ಕೂರಿಸುವಾಗ ಅವರೂ ಈಗ ದಿನಾಂಕ ನೋಡಿ ಹೊಸ ಮೊಟ್ಟೆಗಳನ್ನೇ ಆರಿಸುತ್ತಾರೆ.