ದುರಸ್ತಿಯ ದುಡ್ಡು ಯಾವ ಲೆಕ್ಕದಲ್ಲಿದೆ?

ಲೋಕೋಪಯೋಗಿ ಇಲಾಖೆಯ ಕಚೇರಿಗಳಲ್ಲಿ 5054 ಮತ್ತು 3054 ಎಂಬ ಎರಡು ಸಂಖ್ಯೆಗಳು ದಿನವೂ ಕಿವಿಗೆ ಬೀಳುತ್ತವೆ. ಸರ್ಕಾರದ ಲೆಕ್ಕದಲ್ಲಿ ಮೊದಲನೆಯದು ರಸ್ತೆ ಮತ್ತು ಸೇತುವೆಗಳ ಬಂಡವಾಳ ವೆಚ್ಚದ ಶೀರ್ಷಿಕೆ, ಎರಡನೆಯದು ರಾಜಸ್ವ ವೆಚ್ಚದ್ದು. ಹೊಸ ರಸ್ತೆ, ಅಗಲೀಕರಣ, ಹೊಸ ಸೇತುವೆಗಳು 5054ರಲ್ಲಿ ಬಂದರೆ, ಗುಂಡಿ ಮುಚ್ಚುವುದು, ರಸ್ತೆಯ ಅಂಚಿಗೆ ಗರಸು ತುಂಬುವುದು, ಮೋರಿಯ ಹೂಳು ತೆಗೆಯುವುದು ಮುಂತಾದ ಕೆಲಸಗಳು 3054ರಲ್ಲಿ ಬರುತ್ತವೆ. ಬಳ್ಳಾರಿ, ಕೊಪ್ಪಳ, ರಾಯಚೂರು ಜಿಲ್ಲೆಗಳ ರಸ್ತೆಗಳ ಮಾತು ಬಂದಾಗಲೆಲ್ಲ ಅನುದಾನ ಸಾಲದು ಎಂಬ ದೂರು ಕೇಳಿಬರುತ್ತದೆ. ನನ್ನ ತಕರಾರು ಬೇರೆ. ಹಣ ಬರುತ್ತಿದೆ, ಅದು ಕಟ್ಟುವ ಲೆಕ್ಕಕ್ಕೆ ಬರುತ್ತಿದೆ, ಕಟ್ಟಿದ್ದನ್ನು ಉಳಿಸಿಕೊಳ್ಳುವ ಲೆಕ್ಕಕ್ಕೆ ಬರುತ್ತಿಲ್ಲ.

ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿಯ ಫಲವಾಗಿ ನಮಗೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇದೆ. 2023-24ರ ಬಜೆಟ್‌ನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 5,000 ಕೋಟಿ ರೂಪಾಯಿ ಘೋಷಿಸಲಾಯಿತು. ಬಳ್ಳಾರಿಗೆ ಇದರ ಜೊತೆಗೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯೂ ಇದೆ. 2015ರ ಗಣಿ ಕಾಯ್ದೆ ತಿದ್ದುಪಡಿಯ ನಂತರ ಗಣಿ ಗುತ್ತಿಗೆದಾರರು ಸರ್ಕಾರಕ್ಕೆ ಕೊಡುವ ರಾಜಧನದ (ರಾಯಲ್ಟಿ) ಜೊತೆಗೆ ಈ ನಿಧಿಗೂ ಹಣ ಕಟ್ಟಬೇಕು: ಹರಾಜಿನಲ್ಲಿ ಪಡೆದ ಗಣಿಗೆ ರಾಜಧನದ ಶೇ. 10, ಹಳೆಯ ಗುತ್ತಿಗೆಗಳಿಗೆ ಶೇ. 30. ನಿಧಿಯ ಹೆಚ್ಚಿನ ಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರ ಇತ್ಯಾದಿಗಳಿಗೆ ಮೀಸಲು. ರಸ್ತೆ, ಸೇತುವೆಗಳ ಸರದಿ ಉಳಿದ ಪಾಲಿನಲ್ಲಿ ಬರುತ್ತದೆ. ಈ ಕ್ರಮದ ಬಗ್ಗೆ ನನಗೆ ಆಕ್ಷೇಪವಿಲ್ಲ. ಆದರೆ ಆ ಉಳಿದ ಪಾಲೂ ಭೂಮಿಪೂಜೆ ಮಾಡಬಹುದಾದ ಕಾಮಗಾರಿಗಳಿಗೇ ಹೋಗುವುದು ನಮ್ಮ ರಾಜಕಾರಣದ ರೂಢಿ. ಮೋರಿಯ ಹೂಳು ತೆಗೆಯುವುದಕ್ಕೆ ಯಾವ ಶಾಸಕರೂ ಗುದ್ದಲಿ ಪೂಜೆ ನೆರವೇರಿಸಿದ್ದನ್ನು ನಾನು ಕಂಡಿಲ್ಲ.

ನಮ್ಮ ರಸ್ತೆಗಳ ಮೇಲೆ ಬೀಳುವ ಹೊರೆಯಾದರೂ ಸಾಧಾರಣವಾದುದಲ್ಲ. ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ, ಅಂದರೆ ಚಕ್ರಗಳ ಒಂದೊಂದು ಅಚ್ಚಿನ ಮೇಲಿರುವ ತೂಕದ, ಸುಮಾರು ನಾಲ್ಕನೆಯ ಘಾತದಷ್ಟು ಏರುತ್ತದೆಂದು ಎಂಜಿನಿಯರುಗಳು ಲೆಕ್ಕ ಹಾಕುತ್ತಾರೆ, ಅಂದರೆ ಭಾರ ಎರಡು ಪಟ್ಟಾದರೆ ಹಾನಿ ಹದಿನಾರು ಪಟ್ಟು. 2018ರಲ್ಲಿ ಕೇಂದ್ರ ಸರ್ಕಾರ ಹತ್ತು ಚಕ್ರದ ಲಾರಿಯ ಒಟ್ಟು ತೂಕದ ಮಿತಿಯನ್ನು 25 ಟನ್‌ನಿಂದ 28.5 ಟನ್‌ಗೆ ಏರಿಸಿತು. ಸಂಡೂರು ಕಡೆಯಿಂದ ಅದಿರು ಹೊತ್ತು ಬರುವ ಲಾರಿಗಳು ಆ ಮಿತಿಯೊಳಗೇ ಇವೆ ಎಂದುಕೊಂಡರೂ ಅವುಗಳ ಕೆಳಗಿನ ಡಾಂಬರು ಮೊದಲಿಗಿಂತ ಬೇಗ ಸವೆಯುತ್ತದೆ. ಸಿರುಗುಪ್ಪ, ಗಂಗಾವತಿ, ಸಿಂಧನೂರು ಭಾಗದ ಕಷ್ಟವೇ ಬೇರೆ. ಅಲ್ಲಿ ನೆಲ ಎರೆ. ಬೇಸಿಗೆಯಲ್ಲಿ ಬಿರಿಯುತ್ತದೆ, ನೀರು ಕುಡಿದರೆ ಉಬ್ಬುತ್ತದೆ. ರಸ್ತೆಯ ಎರಡೂ ಬದಿಗೆ ಭತ್ತದ ಗದ್ದೆಗಳಲ್ಲಿ ತಿಂಗಳುಗಟ್ಟಲೆ ನೀರು ನಿಂತಿರುತ್ತದೆ, ನಾಟಿಯ ಹೊತ್ತಿಗೆ ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರುಗಳು ಕಬ್ಬಿಣದ ಹಲ್ಲುಗಳನ್ನು ಊರುತ್ತ ಡಾಂಬರಿನ ಮೇಲೆಯೇ ಸಾಗುತ್ತವೆ. ಹಾಗೆ ಬಿದ್ದ ಗೀರುಗಳಲ್ಲಿ ಇಳಿದ ನೀರು ಜಲ್ಲಿಯ ಹಾಸನ್ನು ಸಡಿಲಿಸುತ್ತದೆ. ಆ ಹಂತದಲ್ಲಿ ಬಿರುಕಿಗೆ ಡಾಂಬರು ಸುರಿದು ಮುಚ್ಚಿದರೆ ಸಾಕು. ಎರಡು ಮಳೆಗಾಲ ಕಳೆದ ಮೇಲೆ ರಸ್ತೆಯನ್ನೇ ಅಗೆದು ಮಾಡಬೇಕಾಗುತ್ತದೆ, ಮತ್ತು ಆಗ ಅದು 5054ರ ಕಾಮಗಾರಿಯಾಗಿ ಸುಲಭವಾಗಿ ಮಂಜೂರಾಗುತ್ತದೆ!

ಸೇತುವೆಗಳ ವಿಷಯದಲ್ಲಿ ಈ ಉದಾಸೀನ ಅಪಾಯಕಾರಿ. ನಾನು ಆಗಾಗ ದಾಟುವ ಒಂದು ಹಳ್ಳದ ಸೇತುವೆಯಲ್ಲಿ ಮಳೆನೀರು ಹೊರಹೋಗಲು ಬಿಟ್ಟ ಕೊಳವೆಗಳೆಲ್ಲ ಮಣ್ಣು, ಭತ್ತದ ಹೊಟ್ಟಿನಿಂದ ಕಟ್ಟಿಕೊಂಡಿವೆ. ಎರಡು ಅಂಕಣ ಕೂಡುವ ಕಡೆ ಬಿಟ್ಟ ಸಂದಿನಲ್ಲಿ ಅರಳಿ ಗಿಡ ಬೇರು ಬಿಟ್ಟು ಮೊಣಕಾಲೆತ್ತರ ಬೆಳೆದಿದೆ. ಕೆಳಗಿನಿಂದ ನೋಡಿದರೆ ಸಿಮೆಂಟಿನ ಪದರು ಕಳಚಿ ತುಕ್ಕು ಹಿಡಿದ ಕಂಬಿಗಳು ಕಾಣುತ್ತವೆ. ಗಿಡ ಕೀಳಲು, ಕೊಳವೆ ಬಿಡಿಸಲು ಒಬ್ಬ ಕೂಲಿಯಾಳಿಗೆ ಒಂದು ದಿನ ಸಾಕು, ಆದರೆ ಆ ಒಂದು ದಿನದ ಕೂಲಿಗೆ ಅಂದಾಜುಪಟ್ಟಿ ಮಾಡುವವರು ಯಾರು?

ಕಂಪ್ಲಿ ಮತ್ತು ಗಂಗಾವತಿ ನಡುವಿನ ಸೇತುವೆಯ ಕಥೆ ಎಲ್ಲರಿಗೂ ಗೊತ್ತಿರುವುದೇ. ತುಂಗಭದ್ರಾ ಜಲಾಶಯದಿಂದ ನದಿಗೆ ಹೆಚ್ಚು ನೀರು ಬಿಟ್ಟರೆ ಅದು ಮುಳುಗುತ್ತದೆ, ಸಂಚಾರ ಬಂದ್ ಆಗುತ್ತದೆ, ಜನ ಬುಕ್ಕಸಾಗರ, ಕಡೆಬಾಗಿಲು ಸುತ್ತಿ ಹೋಗುತ್ತಾರೆ. ಎತ್ತರದ ಹೊಸ ಸೇತುವೆ ಬೇಕೆಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಹೊಸದು ಬರುವವರೆಗೆ ಪ್ರತಿ ಪ್ರವಾಹದ ನಂತರ ಹಳೆಯದರ ಕಂಬಗಳ ಬುಡದಲ್ಲಿ ಮಣ್ಣು ಎಷ್ಟು ಕೊಚ್ಚಿಹೋಗಿದೆ ಎಂದು ನೋಡಿ ಸರಿಪಡಿಸಲು ಪ್ರತಿ ವರ್ಷ ಹಣ ಬೇಕು, ಮತ್ತು ಅದು ಪ್ರವಾಹ ಬರುವ ಮೊದಲೇ ಎತ್ತಿಟ್ಟ ಹಣವಾಗಿರಬೇಕು.

ಇದಕ್ಕೆ ಮಾದರಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2000ದಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ಅದನ್ನು ನಿರ್ವಹಿಸಬೇಕೆಂದು ಕರಾರಿನಲ್ಲೇ ಇರುತ್ತದೆ, ನಿರ್ವಹಣೆಯ ಖರ್ಚನ್ನು ರಾಜ್ಯ ಸರ್ಕಾರ ಕೊಡುತ್ತದೆ. ಆರನೆಯ ವರ್ಷದ ಪ್ರಶ್ನೆ ಉಳಿಯುತ್ತದೆ ನಿಜ. ಮಂಡಳಿಯ ಹಣದಲ್ಲಾಗಲಿ ಖನಿಜ ನಿಧಿಯಲ್ಲಾಗಲಿ ಆಗುವ ರಸ್ತೆಗಳಿಗೂ ಇಂಥ ಕರಾರು ಕಡ್ಡಾಯವಾಗಲಿ. ಅದಿರು ಲಾರಿಗಳು ಓಡುವ ರಸ್ತೆಗಳ ನಿರ್ವಹಣೆಗೆ ಖನಿಜ ನಿಧಿಯ ಒಂದು ನಿಗದಿತ ಪಾಲು ವರ್ಷವರ್ಷವೂ ಸಿಗಲಿ. ಬಜೆಟ್ ಜೊತೆಗೆ ಬರುವ ಅಪೆಂಡಿಕ್ಸ್-ಇ ಪಟ್ಟಿಯಲ್ಲಿ ಪ್ರತಿ ಹೊಸ ಕಾಮಗಾರಿಯ ಮೊತ್ತದ ಪಕ್ಕದಲ್ಲಿಯೇ ಅದರ ವಾರ್ಷಿಕ ನಿರ್ವಹಣೆಗೆ ಎಷ್ಟು ಬೇಕು, ಅದು ಎಲ್ಲಿಂದ ಬರುತ್ತದೆ ಎಂಬ ಎರಡು ಕಾಲಂಗಳನ್ನು ಸೇರಿಸುವಂತೆ ನಮ್ಮ ಮೂರೂ ಜಿಲ್ಲೆಗಳ ಶಾಸಕರು ಮುಂದಿನ ಅಧಿವೇಶನದಲ್ಲಿ ಕೇಳಬಹುದು.